ಅಂಡಮಾನ್ ಗಾಳದ ಚಾರ್ಟರ್: ಅರ್ಧ ದಿನದ್ದು ಬೇಡ, ಇಡೀ ದಿನದ್ದನ್ನು ನೋಡಿ ತಗೊಳ್ಳಿ

ಅಂಡಮಾನ್‌ನಲ್ಲಿ ‘ಗೇಮ್ ಫಿಶಿಂಗ್’ (ಚಾರ್ಟರ್, ಅಂದರೆ ಬಾಡಿಗೆ ದೋಣಿ ಹಿಡಿದು ಮೋಜಿಗೆ ದೊಡ್ಡ ಮೀನಿಗೆ ಗಾಳ ಹಾಕುವುದು) ಅನ್ನೋ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕು ಮಾರಾಟವಾಗುತ್ತವೆ. ಹೋಟೆಲ್ ಕೌಂಟರಿನಲ್ಲಿ ಸಿಗುವ ಮೂರು ನಾಲ್ಕು ಗಂಟೆಯ ಸವಾರಿ ಒಂದು. ಬೆಳಕು ಹರಿಯುವಾಗ ಹೊರಟು ಮಧ್ಯಾಹ್ನ ಮೂರರ ಹೊತ್ತಿಗೆ ಮರಳುವ ಇಡೀ ದಿನದ ದೋಣಿ ಇನ್ನೊಂದು. ದೋಣಿಯಲ್ಲೇ ಮಲಗಿ ನಾಲ್ಕೈದು ದಿನ ದೂರದ ಕಡಲಡಿ ದಿಬ್ಬಗಳಲ್ಲಿ ಗಾಳ ಹಾಕುವ ಲಿವ್‌ಅಬೋರ್ಡ್ ಮೂರನೆಯದು. ಮೊದಲನೆಯದಕ್ಕೆ ಐದರಲ್ಲಿ ಒಂದೂವರೆ ಅಂಕ: ಗಾಳಿಗೆ ಒಂದು, ಫೋಟೋಗೆ ಅರ್ಧ. ಎರಡನೆಯದಕ್ಕೆ ನಾಲ್ಕು, ಕೆಳಗೆ ಹೇಳುವ ಷರತ್ತುಗಳಿಗೆ ಒಪ್ಪುವ ದೋಣಿಯಾದರೆ. ಮೂರನೆಯದು ಈಗಾಗಲೇ ಹತ್ತಾರು ದಿನ ಪಾಪರ್ (ನೀರಿನ ಮೇಲೆ ಸದ್ದು ಮಾಡುವ ನಕಲಿ ಮೀನು) ಎಸೆದು ತೋಳು ಪಳಗಿಸಿಕೊಂಡವರಿಗೆ ಮಾತ್ರ. ಮೊದಲ ಸಲ ಹೋಗುವವರು ಅದಕ್ಕೆ ದುಡ್ಡು ಸುರಿದರೆ ಎರಡನೇ ದಿನ ಮಧ್ಯಾಹ್ನಕ್ಕೇ ಭುಜ ಹಿಡಿದುಕೊಂಡು ಕೂರುತ್ತಾರೆ.

ಕರಿದು ತಿನ್ನಲು ಮೀನು ಬೇಕಿದ್ದರೆ ವಿಮಾನ ಹತ್ತುವ ಕೆಲಸವೇ ಇಲ್ಲ, ಮಲ್ಪೆ ಧಕ್ಕೆಯಲ್ಲಿ ಅಂಜಲ್ ತೂಗಿಸಿಕೊಂಡು ಬಂದರಾಯ್ತು. ಅಂಡಮಾನ್‌ಗೆ ಗಾಳದವರು ಹೋಗುವುದು ಜೈಂಟ್ ಟ್ರೆವಲಿಗಾಗಿ, ಅಂದರೆ ಜಿ.ಟಿ.ಗಾಗಿ. ನಮ್ಮ ಕರಾವಳಿಯ ಕೊಕ್ಕರ್ ಮೀನಿನ ದೈತ್ಯ ದಾಯಾದಿ ಅನ್ನಿ. ಇಪ್ಪತ್ತು, ಮೂವತ್ತು ಕಿಲೋದ ಮೀನು ನೀರಿನ ಮೇಲೆ ತೇಲುವ ಪಾಪರ್‌ಗೆ ಬಾಯಿ ಹಾಕಿದಾಗ ಏಳುವ ಸದ್ದಿಗೆ ಜನ ದುಡ್ಡು ಕೊಡುತ್ತಾರೆ. ಅದರ ಜೊತೆಗೆ ಆಳದಲ್ಲಿ ಡಾಗ್‌ಟೂತ್ ಟ್ಯೂನಾ, ಜಾಬ್‌ಫಿಶ್, ಮುರು ಜಾತಿಯ ಮೀನುಗಳು; ಮೇಲ್ನೀರಿನಲ್ಲಿ ಸೈಲ್‌ಫಿಶ್, ವಾಹೂ.

ಅರ್ಧ ದಿನದ ಪ್ಯಾಕೇಜ್ ಯಾಕೆ ದಂಡ ಅಂತ ತಿಳಿಯಲು ಗಡಿಯಾರ ನೋಡಿದರೆ ಸಾಕು. ಪೋರ್ಟ್ ಬ್ಲೇರ್ ಮಂಗಳೂರಿಗಿಂತ ಸುಮಾರು 18 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ ಅಲ್ಲಿ ಸೂರ್ಯ ಒಂದು ಗಂಟೆಗೂ ಹೆಚ್ಚು ಮುಂಚೆ ಏಳುತ್ತಾನೆ. ಏಪ್ರಿಲ್‌ನಲ್ಲಿ ಐದು ಗಂಟೆಗೆಲ್ಲ ಬೆಳಕು, ಸಂಜೆ ಐದೂವರೆಗೆ ಸೂರ್ಯಾಸ್ತ. ಹೋಟೆಲಿನ ತಿಂಡಿ ಮುಗಿಸಿ ಎಂಟೂವರೆಗೆ ಹೊರಡುವ ದೋಣಿ ಮುಂಜಾವಿನ ಒಳ್ಳೆಯ ಮೂರು ಗಂಟೆಯನ್ನು ದಡದಲ್ಲೇ ಕಳೆದಿರುತ್ತದೆ. ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ; ಉಳಿದದ್ದರಲ್ಲಿ ನಕಲಿ ಮೀನಿನಂಥ ಎರಡು ಪ್ಲಾಸ್ಟಿಕ್ ಲೂರ್‌ಗಳನ್ನು ಹಿಂದೆ ಎಳೆದುಕೊಂಡು ಸುತ್ತು ಹೊಡೆಸುತ್ತಾರೆ. ಒಂದು ಬರಾಕುಡಾ ಬಿದ್ದರೆ ಅದೃಷ್ಟ.

ದಿನಾಂಕ ಗೊತ್ತು ಮಾಡುವಾಗ ಆಫೀಸಿನ ರಜೆ ಪಟ್ಟಿಗಿಂತ ಮೊದಲು ಪಂಚಾಂಗ ತೆಗೆಯಿರಿ. ಅಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಸುಮಾರು 2 ಮೀಟರ್ ಏರಿ ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಅದರ ಅರ್ಧಕ್ಕೂ ಕಡಿಮೆ. ನೀರು ಜೋರಾಗಿ ಓಡುವಾಗ ಹವಳದ ಬಂಡೆಯ ಅಂಚಿಗೆ ಸಣ್ಣ ಮೀನುಗಳು ತಳ್ಳಿಕೊಂಡು ಬರುತ್ತವೆ, ಜಿ.ಟಿ. ಅಲ್ಲಿ ಕಾದಿರುತ್ತದೆ. ನೀರು ನಿಂತ ಗಂಟೆಯಲ್ಲಿ ಅದೇ ಬಂಡೆಯ ಮೇಲೆ ನೂರು ಸಲ ಎಸೆದರೂ ಉತ್ತರವಿಲ್ಲ. ಪಾಪಿಂಗ್ ಮಾಡುವವರಿಗೆ ತ್ರಯೋದಶಿಯಿಂದ ಬಿದಿಗೆ, ತದಿಗೆವರೆಗಿನ ದಿನಗಳು ಒಳ್ಳೆಯವು. ಆಳದ ಜಿಗ್ಗಿಂಗ್, ಅಂದರೆ ಭಾರದ ಲೋಹದ ಲೂರ್ ತಳಕ್ಕೆ ಇಳಿಸಿ ಜಗ್ಗುವುದು, ಮಾಡುವವರಿಗೆ ಲೆಕ್ಕ ಉಲ್ಟಾ. ಅಷ್ಟಮಿ, ನವಮಿಯ ಮಂದ ನೀರಿನಲ್ಲಿ ದಾರ ನೆಟ್ಟಗೆ ಇಳಿಯುತ್ತದೆ. ಎರಡೂ ಬೇಕು ಅನ್ನುವವರು ದಶಮಿ, ಏಕಾದಶಿಗೆ ಶುರುಮಾಡಿ ಹುಣ್ಣಿಮೆಗೆ ಮುಗಿಸುವ ಐದಾರು ದಿನ ಹಿಡಿಯಿರಿ.

ತಿಂಗಳುಗಳಲ್ಲಿ ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ ಕಡಲು ಶಾಂತ. ಡಿಸೆಂಬರ್, ಜನವರಿಯಲ್ಲಿ ಈಶಾನ್ಯ ಗಾಳಿ ಇರುತ್ತದೆ; ಮೀನು ಸಿಗುತ್ತದೆ, ಆದರೆ ದ್ವೀಪದ ಪೂರ್ವ ಮಗ್ಗುಲಿನ ಜಾಗಗಳು ಕೈಗೆ ಸಿಗದೇ ಹೋಗಬಹುದು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬೇಡ. ಇನ್ನೊಂದು ವಿಷಯ: ಜೂನ್ 1ರಿಂದ ಜುಲೈ 31ರ ನಿಷೇಧಕ್ಕೆ ಒಗ್ಗಿದ ನಮ್ಮ ಕರಾವಳಿಯವರಿಗೆ ಇದು ಹೊಳೆಯುವುದಿಲ್ಲ. ಬಂಗಾಳ ಕೊಲ್ಲಿಯ ಕಡೆ, ಅಂಡಮಾನ್ ಸೇರಿ, ಯಾಂತ್ರಿಕ ಮೀನುಗಾರಿಕೆಯ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಆ ದಿನಗಳಿಗೆ ಬುಕ್ ಮಾಡುವ ಮುನ್ನ ತಮ್ಮ ದೋಣಿಗೆ ಪರವಾನಗಿ ಇದೆ ಅಂತ ನಡೆಸುವವರು ಬರಹದಲ್ಲಿ ಕೊಡಲಿ.

ಈಗ ದರ. ‘ದಿನಕ್ಕೆ ಇಷ್ಟು’ ಅನ್ನುವ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಚಾರ್ಟರ್‌ನ ಅಸಲಿ ಖರ್ಚು ಪೆಟ್ರೋಲ್. 28–30 ಅಡಿಯ ದೋಣಿಗೆ 150 ಅಶ್ವಶಕ್ತಿಯ ಎರಡು ಔಟ್‌ಬೋರ್ಡ್ ಎಂಜಿನ್ ಇದ್ದರೆ ಹದವಾದ ವೇಗದಲ್ಲಿ ಗಂಟೆಗೆ ಅಂದಾಜು 50–60 ಲೀಟರ್ ಕುಡಿಯುತ್ತದೆ. ದಿನದಲ್ಲಿ ನಾಲ್ಕು ಗಂಟೆ ಓಡಿದರೆ 200 ಲೀಟರ್ ದಾಟಿತು. ಆ ದಿನದ ದರದಲ್ಲಿ ಗುಣಿಸಿ ನೋಡಿ. ಕೇಳಿದ ಬಾಡಿಗೆಯಲ್ಲಿ ಇಂಧನದ ದುಡ್ಡೇ ಹುಟ್ಟದಿದ್ದರೆ ದೋಣಿ ಬಂದರಿನಿಂದ ಅರ್ಧ ಗಂಟೆಯ ಆಚೆ ಹೋಗುವುದಿಲ್ಲ ಅಂತಲೇ ಅರ್ಥ. ಅಗ್ಗದ ಚಾರ್ಟರ್ ಉಳಿತಾಯ ಮಾಡುವುದು ಯಾವಾಗಲೂ ಇಲ್ಲೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಈ ಬಾಡಿಗೆಯಲ್ಲಿ ಎಷ್ಟು ನಾಟಿಕಲ್ ಮೈಲಿ ಓಡಿಸ್ತೀರಿ? ಅದರ ಮೇಲಾದರೆ ಲೀಟರಿಗೆ ಎಷ್ಟು? ಇದೇ ಲೆಕ್ಕದಿಂದ ‘ಒಂದೇ ದಿನದಲ್ಲಿ ಬ್ಯಾರನ್ ದ್ವೀಪ’ ಅನ್ನುವ ಜಾಹೀರಾತಿನ ಬೆಲೆಯೂ ಗೊತ್ತಾಗುತ್ತದೆ. ಬೆಂಕಿಯುಗುಳುವ ಆ ದ್ವೀಪ ಪೋರ್ಟ್ ಬ್ಲೇರ್‌ನಿಂದ ಸುಮಾರು 75 ನಾಟಿಕಲ್ ಮೈಲಿ. 20 ನಾಟ್, ಅಂದರೆ ಗಂಟೆಗೆ 20 ನಾಟಿಕಲ್ ಮೈಲಿ ವೇಗದಲ್ಲಿ ಹೋಗುವುದಕ್ಕೇ ಮೂರೂಮುಕ್ಕಾಲು ಗಂಟೆ, ಬರುವುದಕ್ಕೆ ಅಷ್ಟೇ. ಹಗಲಿರುವುದೇ ಹನ್ನೆರಡು ಗಂಟೆ. ಹ್ಯಾವ್‌ಲಾಕ್‌ನಿಂದ ದೂರ ಕಡಿಮೆ, ಆದರೂ ಅದು ಲಿವ್‌ಅಬೋರ್ಡ್‌ನ ಜಾಗವೇ. ದ್ವೀಪಕ್ಕೆ ಇಳಿಯಲು ಬಿಡುವುದಿಲ್ಲ, ನೋಡುವುದೆಲ್ಲ ದೋಣಿಯಿಂದಲೇ.

ಮುಂಗಡ ಕಳಿಸುವ ಮೊದಲು ದೋಣಿ ನಡೆಸುವ ತಾಂಡೇಲನ ಜೊತೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ, ಬುಕಿಂಗ್ ಹುಡುಗನ ಜೊತೆ ಅಲ್ಲ. ಕನ್ನಡ ಸಿಗಲ್ಲ, ಹಿಂದಿ ಧಾರಾಳ ನಡೆಯುತ್ತದೆ. ‘ಇಂಥ ದಿನ ಬರ್ತೀವಿ, ನೀರು ಹೇಗಿರುತ್ತೆ?’ ಅಂತ ಕೇಳಿ. ಬಲ್ಲವನು ಪ್ರತಿಪ್ರಶ್ನೆ ಹಾಕುತ್ತಾನೆ: ಪಾಪಿಂಗಾ, ಜಿಗ್ಗಿಂಗಾ? ಎಷ್ಟು ಜನ? ರಾಡ್ ಯಾವುದಿದೆ? ಎರಡು ದಿನ ಹಿಂದೆ ಮುಂದೆ ಮಾಡ್ಕೋಬಹುದಾ? ‘ಮೀನು ಪಕ್ಕಾ ಸಾರ್, ಟೆನ್ಶನ್ ಬೇಡ’ ಅಂದರೆ ಅಲ್ಲಿಗೇ ಫೋನ್ ಇಡಿ. ಹಾಗೆಯೇ ಹಿಂದಿನ ಹತ್ತು ಟ್ರಿಪ್‌ಗಳ ಫೋಟೋ ತರಿಸಿಕೊಳ್ಳಿ. ಎಲ್ಲದರಲ್ಲೂ ಒಂದೇ ಮೀನು, ಹಿಡಿದವರು ಮಾತ್ರ ಬೇರೆ ಅನ್ನಿಸಿದರೆ ಅನುಮಾನ ಪಡಿ. ಮೀನು ಡೆಕ್ಕಿನ ಮೇಲೆ ಒಣಗಿ ಬಿದ್ದಿದೆಯೋ, ಒದ್ದೆ ಮೈಯಲ್ಲಿ ಎರಡೂ ಕೈ ಮೇಲಿದೆಯೋ ಅನ್ನುವುದೂ ಆ ದೋಣಿಯವರ ಗುಣ ಹೇಳುತ್ತದೆ.

ಎಷ್ಟು ಜನ ಹೋಗಬೇಕು ಅನ್ನುವುದರಲ್ಲಿ ನಮ್ಮವರು ಎಡವುವುದು ಜಾಸ್ತಿ. ಆರು ಜನ ಸೇರಿದರೆ ತಲೆಗೆ ಕಡಿಮೆ ಬೀಳುತ್ತೆ ಅಂತ ಲೆಕ್ಕ. 28 ಅಡಿಯ ದೋಣಿಯ ಮೂತಿಯಲ್ಲಿ ಒಂದು ಸಲಕ್ಕೆ ಇಬ್ಬರು ಮಾತ್ರ ಸುರಕ್ಷಿತವಾಗಿ ಎಸೆಯಬಹುದು. 150 ಗ್ರಾಮಿನ ಪಾಪರ್ ಗಾಳಗಳ ಸಮೇತ ತಲೆಯ ಹಿಂದಿನಿಂದ ಬೀಸಿ ಬರುತ್ತದೆ. ಆರು ಜನರಿದ್ದರೆ ಒಬ್ಬೊಬ್ಬರಿಗೆ ಸಿಗುವುದು ದಿನದ ಮೂರನೇ ಒಂದು ಪಾಲು, ಒಳ್ಳೆಯ ನೀರು ಇರುವ ಎರಡು ಗಂಟೆಯಲ್ಲಿ ನಲವತ್ತು ನಿಮಿಷ. ಇಬ್ಬರು ಉತ್ತಮ, ಮೂವರು ಸರಿ, ನಾಲ್ವರು ಕೊನೆ.

ಬಂದರಿಗೆ ಹೋದ ಮೇಲೆ ದೋಣಿಯ ಬಣ್ಣ ನೋಡುತ್ತಾ ನಿಲ್ಲಬೇಡಿ. ಎಂಜಿನ್ ಎರಡಿರಬೇಕು. ಒಂದು ಕೆಟ್ಟರೆ ಇನ್ನೊಂದು ಮೆಲ್ಲಗಾದರೂ ತಂದು ಮುಟ್ಟಿಸುತ್ತದೆ. ಇಂಧನಕ್ಕೆ ಹಳೆಯ ಸೂತ್ರ: ಮೂರನೇ ಒಂದು ಹೋಗಲು, ಮೂರನೇ ಒಂದು ಬರಲು, ಮೂರನೇ ಒಂದು ಮುಟ್ಟದೆ ಇಡಲು. ವಿಎಚ್‌ಎಫ್ ರೇಡಿಯೋ ಚಾಲೂ ಮಾಡಿಸಿ, 16ನೇ ಚಾನೆಲ್‌ನಲ್ಲಿ ಸದ್ದು ಬರುತ್ತದಾ ಕೇಳಿ. ಮೊಬೈಲ್ ಸಿಗ್ನಲ್ ದಡ ಬಿಟ್ಟು ಸ್ವಲ್ಪ ಹೊತ್ತಿಗೇ ಹೋಗುತ್ತದೆ. ಲೈಫ್ ಜಾಕೆಟ್ ಸೀಟಿನ ಕೆಳಗೆ ಹಗ್ಗದಲ್ಲಿ ಕಟ್ಟಿಟ್ಟಿದ್ದರೆ ಬಿಚ್ಚಿಸಿ. ಕೋಸ್ಟ್ ಗಾರ್ಡ್‌ನ 1554 ನಂಬರನ್ನು ದಡದಲ್ಲಿ ಉಳಿಯುವವರ ಫೋನಿನಲ್ಲಿ ಹಾಕಿ, ಎಷ್ಟು ಗಂಟೆಗೆ ವಾಪಸ್ ಅಂತ ಅವರಿಗೆ ಹೇಳಿ ಹೊರಡಿ. ನೆರಳಿಗೆ ಚಾವಣಿ ಇದೆಯಾ ಅಂತಲೂ ನೋಡಿಕೊಳ್ಳಿ. ಇಲ್ಲದಿದ್ದರೆ ಹತ್ತು ಗಂಟೆಯ ಮೇಲೆ ಯಾರಿಗೂ ಎಸೆಯುವ ಉತ್ಸಾಹ ಇರುವುದಿಲ್ಲ.

ಸಲಕರಣೆಯ ಮಾತು ಸ್ವಲ್ಪ ಉದ್ದ, ಯಾಕೆಂದರೆ ಮೀನು ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ದೋಣಿಯವರು ಕೊಡುವ ರಾಡ್, ರೀಲನ್ನು ಹೊರಡುವ ಹಿಂದಿನ ಸಂಜೆ ತರಿಸಿ ನೋಡಿ. ರೀಲಿನಿಂದ ಹತ್ತು ಮೀಟರ್ ಬ್ರೇಡ್ (ಹೆಣೆದ ದಾರ) ಎಳೆದು ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಜಾರಿಸಿ. ನುಣುಪಾಗಿ ಬರುವ ದಾರ ಒಂದು ಕಡೆ ಮಲ್ಲಿಗೆ ದಾರದ ಹಾಗೆ ತುಪ್ಪಳವೆದ್ದು ಬೆರಳಿಗೆ ತೊಡರಿತು ಅಂದರೆ ಅಲ್ಲಿ ಹಿಂದಿನ ಗಿರಾಕಿಯ ಮೀನು ಹವಳಕ್ಕೆ ಉಜ್ಜಿದೆ. ಅಲ್ಲಿಂದ ಎರಡು ಮೀಟರ್ ಒಳಗೆ ಕತ್ತರಿಸಿ ಹೊಸದಾಗಿ ಗಂಟು ಹಾಕಿಸಿ. ರಾಡಿನ ಉಂಗುರಗಳ ಒಳಗೆ ಹತ್ತಿಯ ಕಡ್ಡಿ ತಿರುಗಿಸಿ. ಹತ್ತಿ ಎಳೆ ಅಂಟಿಕೊಂಡರೆ ಒಳಗಿನ ಪಿಂಗಾಣಿ ಬಿರುಕು ಬಿಟ್ಟಿದೆ, ಆ ರಾಡ್ ಬೇಡ. ಇನ್ನು ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ಹದವಾಗಿ ದಾರ ಬಿಟ್ಟುಕೊಡುವ ರೀಲಿನ ಬ್ರೇಕು. ಸೂಟ್‌ಕೇಸ್ ತೂಗುವ ಸಣ್ಣ ತಕ್ಕಡಿಯನ್ನು ದಾರದ ತುದಿಗೆ ಕಟ್ಟಿ ಒಬ್ಬರು ಎಳೆಯಲಿ, ಇನ್ನೊಬ್ಬರು ರಾಡ್ ಹಿಡಿಯಲಿ. 8 ಕಿಲೋಗೆ ಸ್ಪೂಲ್ ಒಂದೇ ಸಮ ಬಿಟ್ಟುಕೊಡಬೇಕು. ಜಗ್ಗಿ ಜಗ್ಗಿ ಬಿಟ್ಟರೆ ಒಳಗಿನ ವಾಷರ್‌ಗೆ ಉಪ್ಪು ಹಿಡಿದಿದೆ. ಆ ಒಂದು ಜಗ್ಗಿಗೇ ಗಂಟು ಕಳಚುವುದು.

ಸ್ವಂತದ್ದು ಒಯ್ಯುವವರಿಗೆ ಅಳತೆ ಇಷ್ಟು. ಪಾಪಿಂಗ್‌ಗೆ 14000–18000 ಗಾತ್ರದ ಸ್ಪಿನ್ನಿಂಗ್ ರೀಲ್, ಪಿ.ಇ. (ದಾರದ ದಪ್ಪದ ಅಳತೆ) 8 ಅಂದರೆ 80 ಪೌಂಡ್ ಆಸುಪಾಸಿನ ಬ್ರೇಡ್ 300 ಮೀಟರ್, 170–200 ಪೌಂಡಿನ ನೈಲಾನ್ ಲೀಡರ್ (ಬ್ರೇಡ್ ಮತ್ತು ಲೂರ್ ನಡುವಿನ ದಪ್ಪ ದಾರ) ಸುಮಾರು 2 ಮೀಟರ್, ನಡುವೆ ಎಫ್‌ಜಿ ಗಂಟು. ಈ ಗಂಟನ್ನು ಮನೆಯಲ್ಲೇ ಇಪ್ಪತ್ತು ಸಲ ಹಾಕಿ ಕಲಿತು ಹೋಗಿ. ಓಲಾಡುವ ದೋಣಿಯಲ್ಲಿ ಕಲಿಯುವ ವಿದ್ಯೆ ಅದಲ್ಲ. 120–160 ಗ್ರಾಮಿನ ಪಾಪರ್ ಮೂರು, ಸ್ಟಿಕ್‌ಬೈಟ್ (ಕಡ್ಡಿಯಾಕಾರದ ಲೂರ್) ಮೂರು ಸಾಕು. ಹೊಸ ಲೂರ್‌ನ ಜೊತೆ ಬರುವ ರಿಂಗು, ಗಾಳಗಳನ್ನು ಒಮ್ಮೆ ಇಕ್ಕಳದಲ್ಲಿ ಬಾಗಿಸಿ ನೋಡಿ. ಇಕ್ಕಳದಲ್ಲಿ ಸಲೀಸಾಗಿ ಬಾಗುವುದು ಜಿ.ಟಿ.ಯ ಬಾಯಲ್ಲೂ ಬಾಗುತ್ತದೆ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಮೀನು ಬಿಡಿಸುವುದಕ್ಕಿಂತ ಹೆಚ್ಚಾಗಿ, ನಿಮ್ಮದೇ ಕೈಗೆ ಚುಚ್ಚಿಕೊಂಡಾಗ ಇದರ ಉಪಕಾರ ತಿಳಿಯುತ್ತದೆ. ಹತ್ತಿರದ ಆಸ್ಪತ್ರೆ ಮೂರು ಗಂಟೆ ದೂರ ಇರಬಹುದು. ಜಿಗ್ಗಿಂಗ್‌ಗೆ ಪಿ.ಇ. 4ರಿಂದ 6, 200–300 ಗ್ರಾಮಿನ ಜಿಗ್. ದೇಶದೊಳಗಿನ ಬಹುತೇಕ ವಿಮಾನಗಳಲ್ಲಿ ಲಗೇಜು 15 ಕಿಲೋ ಅನ್ನುವುದು ನೆನಪಿರಲಿ. ಹತ್ತು ಜಿಗ್ಗಿಗೇ ಎರಡೂವರೆ ಕಿಲೋ ಹೋಯಿತು. ಗಾಳ, ಇಕ್ಕಳ, ಜಿಗ್ ಎಲ್ಲ ಚೆಕ್-ಇನ್ ಚೀಲದಲ್ಲೇ ಹೋಗಬೇಕು. ರಾಡಿನ ಕೊಳವೆಯ ಉದ್ದ ಹೇಳಿ ವಿಮಾನ ಕಂಪನಿಯಿಂದ ಮೊದಲೇ ಒಪ್ಪಿಗೆ ಪಡೆಯಿರಿ. ದೋಣಿಯವರ ಲೂರ್ ಕಳೆದರೆ ಎಷ್ಟು ಕಟ್ಟಬೇಕು ಅನ್ನುವ ಪಟ್ಟಿಯನ್ನೂ ಮುಂಚೆಯೇ ಕೇಳಿ. ಒಳ್ಳೆಯ ಜಪಾನಿ ಪಾಪರ್ ಒಂದಕ್ಕೆ ಸಾವಿರಗಳಲ್ಲೇ ಬೆಲೆ. ಸಂಜೆ ಲೆಕ್ಕ ಹಾಕುವಾಗ ಜಗಳವಾಗುವುದು ಇದರ ಮೇಲೇ.

ತಾಂಡೇಲ ಎಂಥವನು ಅಂತ ಪೂರ್ತಿ ತಿಳಿಯುವುದು ಎಂಜಿನ್ ನಿಂತಾಗ. ಒಳ್ಳೆಯವನು ಬಂಡೆಯ ಮೇಲೆ ತಂದು ನಿಲ್ಲಿಸುವುದಿಲ್ಲ. ಸೆಳೆತ ಯಾವ ಕಡೆಯಿಂದ ಬರುತ್ತಿದೆಯೋ ಆ ಕಡೆ, ಬಂಡೆಯಿಂದ 60–70 ಮೀಟರ್ ಮೇಲಕ್ಕೆ ಹೋಗಿ ದೋಣಿಯನ್ನು ತೇಲಲು ಬಿಡುತ್ತಾನೆ. ನೀವು ಅಂಚಿನ ಬಿಳಿ ನೀರಿಗೆ ಎಸೆಯುತ್ತಾ ಹೋದ ಹಾಗೆ ದೋಣಿ ಬಂಡೆಯ ಉದ್ದಕ್ಕೂ ಜಾರುತ್ತದೆ. ಮೀನು ಕಚ್ಚಿದ ಕ್ಷಣಕ್ಕೇ ಎಂಜಿನ್ ಹಾಕಿ ದೋಣಿಯನ್ನು ಆಳದ ಕಡೆ ಎಳೆಯುತ್ತಾನೆ. ಮೊದಲ ಹದಿನೈದು ಸೆಕೆಂಡಿನಲ್ಲಿ ಮೀನನ್ನು ಹವಳದಿಂದ ಬಿಡಿಸದಿದ್ದರೆ 80 ಪೌಂಡಿನ ದಾರವೂ ತುಂಡು. ಮೊಬೈಲ್ ನೋಡುತ್ತಾ ಕೂತವನಿಂದ ಇದು ಆಗುವ ಕೆಲಸವಲ್ಲ. ಜಿಗ್ಗಿಂಗ್‌ನಲ್ಲೂ ಅಷ್ಟೇ: ದಾರ 45 ಡಿಗ್ರಿಗಿಂತ ಹೆಚ್ಚು ಓರೆಯಾದರೆ ಜಿಗ್ ತಳ ಮುಟ್ಟುತ್ತಿಲ್ಲ. ತೂಕ ಹೆಚ್ಚಿಸಿ, ಇಲ್ಲವೇ ದೋಣಿಯನ್ನು ಮತ್ತೆ ಮೇಲಕ್ಕೆ ಒಯ್ಯಲು ಹೇಳಿ. ಹೇಳುವುದಕ್ಕೆ ಸಂಕೋಚ ಬೇಡ, ದುಡ್ಡು ಕೊಟ್ಟಿದ್ದೀರಿ.

ಬಂದ ಜಿ.ಟಿ.ಯನ್ನು ಬಿಡುವುದು ರೂಢಿ, ಬಿಡಲೂಬೇಕು. ಬಾಯಿಗೆ ಕೊಕ್ಕೆ ಹಾಕಿ ಲಂಬವಾಗಿ ತೂಗಿದರೆ ಮೀನಿನ ಒಳಗಿನದೆಲ್ಲ ಜಗ್ಗುತ್ತದೆ. ಹೊಟ್ಟೆಯ ಕೆಳಗೆ ಒದ್ದೆ ಕೈ ಕೊಟ್ಟು ಒಂದು ಫೋಟೋ, ಮತ್ತೆ ನೀರಿಗೆ. ಎಂಬತ್ತು ಮೀಟರ್ ಆಳದಿಂದ ಬಂದ ಮೀನಿನ ಕತೆ ಬೇರೆ, ಅದರ ಗಾಳಿಚೀಲ ಉಬ್ಬಿ ಜಠರವನ್ನು ಬಾಯಿಂದ ಹೊರತಳ್ಳಿರುತ್ತದೆ. ಬಿಟ್ಟರೂ ತೇಲಿಕೊಂಡೇ ಸಾಯುತ್ತದೆ. ಹಾಗಾಗಿ ಊಟಕ್ಕೆ ಎರಡು ಸಿಕ್ಕ ಮೇಲೆ ಆಳದ ಗಾಳ ನಿಲ್ಲಿಸಿ. ಊಟಕ್ಕೂ ಹವಳದ ದೊಡ್ಡ ಮೀನು ಬೇಡ. ಹವಳದ ಪಾಚಿಯಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡದಕ್ಕೆ ಏರುತ್ತಾ ಹೋಗುವ ಸಿಗ್ವಾಟೆರಾ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿಯ ಜೊತೆಗೆ ತಣ್ಣಗಿನದು ಮುಟ್ಟಿದರೆ ಸುಟ್ಟ ಹಾಗಾಗುವುದು ಅದರ ಗುರುತು. 2016ರಲ್ಲಿ ಮಂಗಳೂರಿನಲ್ಲಿ ಕೆಂಪು ಸ್ನ್ಯಾಪರ್ ಮೀನಿನ ತಲೆ ತಿಂದವರು ಅಸ್ವಸ್ಥರಾದದ್ದು ಇದರಿಂದಲೇ. ಟ್ಯೂನಾ, ವಾಹೂಗಳಂಥ ತೆರೆದ ಕಡಲಿನ ಮೀನು ತಿನ್ನಿ, ಹಿಡಿದ ಕೂಡಲೇ ಐಸಿಗೆ ಹಾಕಿಸಿ.

ಕಾನೂನಿನ ವಿಷಯದಲ್ಲಿ ತಾಂಡೇಲನ ಮಾತನ್ನೇ ನಂಬಿ ಕೂರಬೇಡಿ. ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದೊಳಗೆ ಗಾಳ ಹಾಕುವಂತಿಲ್ಲ. ಹ್ಯಾವ್‌ಲಾಕ್ ಸುತ್ತಿನ ಹೆನ್ರಿ ಲಾರೆನ್ಸ್, ಜಾನ್ ಲಾರೆನ್ಸ್, ಔಟ್ರಮ್ ದ್ವೀಪಗಳು ರಾಣಿ ಝಾನ್ಸಿ ಸಾಗರ ಉದ್ಯಾನಕ್ಕೆ ಸೇರಿದವು, ಅಲ್ಲೂ ಇಲ್ಲ. ‘ಸುಮ್ನೆ ಹತ್ತು ನಿಮಿಷ’ ಅಂತ ಅತ್ತ ಒಯ್ಯುವ ದೋಣಿ ಸಿಕ್ಕಿಬಿದ್ದರೆ ರಾಡ್ ಇರುವುದು ನಿಮ್ಮ ಕೈಯಲ್ಲಿ. ಹೊರಗಿನವರಿಗೆ ನಿಷಿದ್ಧವಾದ ನಾರ್ತ್ ಸೆಂಟಿನೆಲ್ ದ್ವೀಪದ ಕಡೆ ಮುಖ ಮಾಡುವ ಮಾತೇ ಬೇಡ. ದೈತ್ಯ ಮುರು ಮೀನು, ಅಂದರೆ ಜೈಂಟ್ ಗ್ರೂಪರ್, ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಬಿದ್ದರೆ ದಾರ ಕತ್ತರಿಸಿ. ಕೊಲ್ಲಿ ದೇಶಗಳಿಂದಲೋ ಅಮೆರಿಕದಿಂದಲೋ ಬಂದು ಸೇರಿಕೊಳ್ಳುವ ಕನ್ನಡಿಗರಿಗೆ ಒಂದು ಎಚ್ಚರಿಕೆ: ಸ್ಯಾಟಲೈಟ್ ಫೋನ್, ಗಾರ್ಮಿನ್ ಇನ್‌ರೀಚ್ ಥರದ ಸಾಧನಗಳನ್ನು ಅನುಮತಿಯಿಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ಪೊಲೀಸರ ಮುಂದೆ ಕೂರಬೇಕಾಗುತ್ತದೆ. ಟಿಕೆಟ್ ಹುಡುಕುವಾಗ ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ, ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ ಅನ್ನುವುದೂ ನೆನಪಿರಲಿ. ತಾಂಡೇಲರು ಈಗಲೂ ಹಳೆ ಹೆಸರಲ್ಲೇ ಕರೆಯುತ್ತಾರೆ.

ಒಪ್ಪಂದದಲ್ಲಿ ಮೂರು ಸಾಲು ವಾಟ್ಸಾಪ್‌ನಲ್ಲಾದರೂ ಬರಹದಲ್ಲಿರಲಿ. ಹವಾಮಾನ ಕೆಟ್ಟು ಬಂದರಿನವರು ಬಿಡದಿದ್ದರೆ ಪೂರ್ತಿ ದುಡ್ಡು ವಾಪಸ್ ಅಥವಾ ಬೇರೆ ದಿನ. ನಡುವೆ ಎಂಜಿನ್ ಕೆಟ್ಟರೆ ಉಳಿದ ಗಂಟೆಗಳ ಲೆಕ್ಕ. ಹೊರಡುವ ಸಮಯ, ಅದೂ ಜೆಟ್ಟಿ ಬಿಡುವ ಸಮಯ, ಹೋಟೆಲ್ ಬಿಡುವ ಸಮಯವಲ್ಲ. ಮುಂಗಡ ಮೂರನೇ ಒಂದಕ್ಕಿಂತ ಹೆಚ್ಚು ಕೊಡಬೇಡಿ. ಮೂರು ದಿನದ ಗಾಳಕ್ಕೆ ಐದು ದಿನದ ಟಿಕೆಟ್ ಮಾಡಿ. ಗಾಳಿ ಎದ್ದ ಒಂದು ದಿನಕ್ಕೆ ಜಾಗ ಬೇಕು, ವಾಪಸ್ ವಿಮಾನದ ಹಿಂದಿನ ದಿನ ರಾಡ್, ರೀಲ್ ಸಿಹಿನೀರಿನಲ್ಲಿ ತೊಳೆದು ನೆರಳಿಗೆ ಒಣಗಿಸಲೂ ಬೇಕು.

ಹೊಟ್ಟೆಯ ವಿಷಯ ಹಗುರವಾಗಿ ತಗೊಳ್ಳಬೇಡಿ, ಮೀನು ಹಿಡಿಯುವ ದೋಣಿ ಓಡುವುದಕ್ಕಿಂತ ತೇಲುವುದೇ ಹೆಚ್ಚು, ತೊಳಸುವುದು ತೇಲುವಾಗಲೇ. ಅವೋಮಿನ್ ಥರದ ಮಾತ್ರೆ ವೈದ್ಯರನ್ನು ಕೇಳಿ ಹಿಂದಿನ ರಾತ್ರಿಯೇ ಶುರುಮಾಡಿ. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆ ಮಾತ್ರೆಗೆ ತೂಕಡಿಕೆ ಬರುತ್ತದೆ, ರಾತ್ರಿಯ ಪಾರ್ಟಿಯ ಜೊತೆ ಸೇರಿಸಬೇಡಿ. ಬೆಳಗ್ಗೆ ಇಡ್ಲಿ, ಬಾಳೆಹಣ್ಣು ಸಾಕು, ಎಣ್ಣೆಯ ಪೂರಿ ಬೇಡ. ದೋಣಿಗೆ ಬಾಳೆಹಣ್ಣು ತಂದರೆ ಮೀನು ಬೀಳುವುದಿಲ್ಲ ಅಂತ ಕೆಲವು ವಿದೇಶಿ ಗಾಳದವರು ನಂಬುತ್ತಾರೆ. ಅಂಥವರ ಜೊತೆ ಹಂಚಿಕೊಂಡ ದೋಣಿಯಾದರೆ ಜೆಟ್ಟಿಯಲ್ಲೇ ತಿಂದು ಮುಗಿಸಿ ಹತ್ತಿ. ಕುಡಿಯುವ ನೀರು ತಲೆಗೆ ನಾಲ್ಕು ಲೀಟರ್, ಅದನ್ನು ಮೀನಿನ ಐಸ್‌ಪೆಟ್ಟಿಗೆಯಲ್ಲಿ ಇಡದೆ ಬೇರೆ ಪೆಟ್ಟಿಗೆಯಲ್ಲಿ ಇಡಲು ಹೇಳಿ.